ಗುಜರಿಯಿಂದ ಪಾರಾದವು, ಸರದಿಯಲ್ಲಿ ನಿಂತವು

ಬ್ರಿಟನ್ನಿನ ಪಾರಂಪರಿಕ ರೈಲುದಾರಿಗಳಿಗೆ ಹೋದ ಪ್ರವಾಸಿಯ ಕಣ್ಣಿಗೆ ಮೊದಲು ಬೀಳುವುದು ಹೊಳೆಯುವ ಬಣ್ಣ ಬಳಿಸಿಕೊಂಡು, ಹಿತ್ತಾಳೆ ಉಜ್ಜಿಸಿಕೊಂಡು, ಬುಸುಗುಡುತ್ತ ನಿಂತ ಉಗಿ ಎಂಜಿನ್. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಗಾರ್ಡ್ ಹಸಿರು ಬಾವುಟ ಬೀಸುತ್ತಾನೆ, ಗಾಡಿ ಹೊರಡುತ್ತದೆ. ನಿಲ್ದಾಣ ದಾಟಿ ಎಂಜಿನ್ ಷೆಡ್ಡಿನ ಬಳಿ ಸಾಗುವಾಗ ಕಿಟಕಿಯಾಚೆ ಇಣುಕಿದವರಿಗೆ ಇನ್ನೊಂದು ನೋಟ ಕಾಣುತ್ತದೆ. ಹುಲ್ಲು ಬೆಳೆದ ಹಳಿಗಳ ಮೇಲೆ ಸಾಲಾಗಿ ನಿಂತ ಕುಳ್ಳ ಎಂಜಿನ್‌ಗಳು. ಮಳೆನೀರು ಇಳಿಯದಿರಲೆಂದು ಕೆಲವುಗಳ ಹೊಗೆಕೊಳವೆಗೆ ತಗಡು ಮುಚ್ಚಿರುತ್ತದೆ. ಕೆಲವಕ್ಕೆ ಟಾರ್ಪಾಲಿನ ಹೊದಿಕೆ. ಗಾಲಿಗಳ ನಡುವಿನ ಸರಳುಗಳನ್ನು ಕಳಚಿ ಎಲ್ಲೋ ಎತ್ತಿಟ್ಟಿರುತ್ತಾರೆ. ತುಕ್ಕಿನ ಕೆಳಗೆ ಮೊದಲು ಯಾವ ಬಣ್ಣವಿತ್ತು ಎಂದು ಊಹಿಸುವುದೂ ಕಷ್ಟ.

ಇವುಗಳಲ್ಲಿ ಬಹುಪಾಲು ಎಂಜಿನ್‌ಗಳು ಎಂದೂ ಪ್ರಯಾಣಿಕರ ಗಾಡಿಗಾಗಿ ಹುಟ್ಟಿದವಲ್ಲ. ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆ, ಸ್ಲೇಟು ಕಲ್ಲಿನ ಕ್ವಾರಿ, ಹಡಗುಕಟ್ಟೆ, ಸಕ್ಕರೆ ಕಾರ್ಖಾನೆ, ಅನಿಲ ಸ್ಥಾವರ ಇಂಥ ಕಡೆ ಆವರಣದೊಳಗೇ ದುಡಿದವು. ದೊಡ್ಡ ರೈಲು ಕಂಪನಿಯ ಎಂಜಿನ್ ಊರಿಂದೂರಿಗೆ ಓಡುತ್ತಿದ್ದರೆ ಇವು ಗಣಿಯ ಬಾಯಿಂದ ಮುಖ್ಯ ಹಳಿಯವರೆಗೆ ವ್ಯಾಗನ್ನುಗಳನ್ನು ತಳ್ಳಿ ಹಿಂದಿರುಗುತ್ತಿದ್ದವು. ನಾಲ್ಕು ಅಥವಾ ಆರು ಸಣ್ಣ ಗಾಲಿ, ಬಾಯ್ಲರಿನ ಬೆನ್ನ ಮೇಲೆ ಜೀನಿನಂತೆ ಕುಳಿತ ನೀರಿನ ತೊಟ್ಟಿ, ಗಿಡ್ಡ ದೇಹ. ಕಾರ್ಖಾನೆಯ ಗೋಡೆಗಳ ನಡುವಿನ ಕಡಿದಾದ ತಿರುವುಗಳಲ್ಲಿ ನುಸುಳಲು ಈ ಆಕಾರವೇ ಬೇಕಿತ್ತು. ವೇಗದ ಮಾತೇ ಇರಲಿಲ್ಲ.

ಉಗಿ ಎಂಜಿನ್ನಿನ ವಂಶಾವಳಿಯಲ್ಲಿ ಈ ಕೂಲಿಯಾಳುಗಳೇ ಹಿರಿಯರು ಎಂಬುದನ್ನು ನಾವು ಮರೆಯುತ್ತೇವೆ. ಶಾಲೆಯ ಪಾಠದಲ್ಲಿ ಸ್ಟೀಫನ್‌ಸನ್ನನ 'ರಾಕೆಟ್' ಬರುತ್ತದೆ, ಅದು 1829ರದು. ಅದಕ್ಕೆ ಇಪ್ಪತ್ತೈದು ವರ್ಷ ಮೊದಲೇ, 1804ರ ಫೆಬ್ರವರಿ 21ರಂದು, ವೇಲ್ಸಿನ ಮರ್ಥರ್ ಟಿಡ್‌ಫಿಲ್ ಬಳಿಯ ಪೆನಿಡಾರೆನ್ ಕಬ್ಬಿಣದ ಕಾರ್ಖಾನೆಯಲ್ಲಿ ರಿಚರ್ಡ್ ಟ್ರೆವಿಥಿಕ್ ಕಟ್ಟಿದ ಎಂಜಿನ್ ಹತ್ತು ಟನ್ ಕಬ್ಬಿಣವನ್ನೂ ಅದರ ಜೊತೆಗೆ ಎಪ್ಪತ್ತು ಮಂದಿಯನ್ನೂ ಎಳೆದುಕೊಂಡು ಒಂಬತ್ತು ಮೈಲಿಗೂ ಮಿಕ್ಕಿದ ದಾರಿಯನ್ನು ನಾಲ್ಕು ಗಂಟೆ ಐದು ನಿಮಿಷದಲ್ಲಿ ಕ್ರಮಿಸಿತು. ಹಳಿಯ ಮೇಲೆ ಹೊರೆ ಎಳೆದ ಮೊದಲ ಉಗಿ ಎಂಜಿನ್ ಅದು. ಅಂದರೆ ಮೊತ್ತಮೊದಲನೆಯದೇ ಕಾರ್ಖಾನೆಯ ಎಂಜಿನ್. 1812ರಲ್ಲಿ ಲೀಡ್ಸ್ ನಗರದ ಮಿಡ್ಲ್‌ಟನ್ ಕಲ್ಲಿದ್ದಲ ಗಣಿಯಲ್ಲಿ ಮ್ಯಾಥ್ಯೂ ಮರ್ರೆ ಮತ್ತು ಜಾನ್ ಬ್ಲೆಂಕಿನ್‌ಸಾಪ್ ಓಡಿಸಿದ 'ಸಲಮಾಂಕ' ವ್ಯಾಪಾರದ ಲೆಕ್ಕದಲ್ಲಿ ಗೆದ್ದ ಮೊದಲನೆಯದು. ಸ್ಟೀಫನ್‌ಸನ್ನನೂ 1814ರಲ್ಲಿ ತನ್ನ ಮೊದಲ ಎಂಜಿನ್ ಕಟ್ಟಿದ್ದು ಕಿಲ್ಲಿಂಗ್‌ವರ್ತ್ ಗಣಿಗಾಗಿ. ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಉಗಿ ಎಂಜಿನ್ ಎನ್ನಿಸಿದ 'ಪಫಿಂಗ್ ಬಿಲ್ಲಿ' ಕೂಡ ವೈಲಮ್ ಗಣಿಯದು. 1813-14ರಲ್ಲಿ ಹುಟ್ಟಿದ ಅದು 1862ರವರೆಗೆ ದುಡಿದು, ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ವಿಶ್ರಮಿಸುತ್ತಿದೆ.

ಆಮೇಲೆ ಕೀರ್ತಿಯೆಲ್ಲ ಮುಖ್ಯ ಮಾರ್ಗದ ಎಂಜಿನ್‌ಗಳ ಪಾಲಾಯಿತು. ಗಣಿ, ಕಾರ್ಖಾನೆಗಳ ಎಂಜಿನ್‌ಗಳು ಸದ್ದಿಲ್ಲದೆ ಹೆಚ್ಚಿದವು. ಇವನ್ನು ಕಟ್ಟಲೆಂದೇ ಲೀಡ್ಸಿನ ಹನ್ಸ್‌ಲೆಟ್ ಮತ್ತು ಹಡ್ಸ್‌ವೆಲ್ ಕ್ಲಾರ್ಕ್, ಬ್ರಿಸ್ಟಲ್ಲಿನ ಪೆಕೆಟ್, ಸ್ಟಾಫರ್ಡಿನ ಬ್ಯಾಗ್‌ನಲ್, ಸ್ಕಾಟ್ಲೆಂಡಿನ ಕಿಲ್ಮಾರ್ನಕ್ ಊರಿನ ಆಂಡ್ರ್ಯೂ ಬಾರ್ಕ್ಲೆ ಮೊದಲಾದ ಕಂಪನಿಗಳು ಬೆಳೆದವು. ಗಿರಾಕಿ ಪಟ್ಟಿ ನೋಡಿ ಆರಿಸಬೇಕು, ಕಂಪನಿ ಕಟ್ಟಿ ಕಳಿಸಬೇಕು. ಇಂದು ಜೆಸಿಬಿ ಯಂತ್ರ ಕೊಳ್ಳುವ ರೀತಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಯಂತ್ರ ಹಳತಾದರೆ ಮಾರು, ಕೊಳ್ಳುವವರಿಲ್ಲದಿದ್ದರೆ ಮುರಿ. ಅಭಿಮಾನಕ್ಕೆ ಅಲ್ಲಿ ಜಾಗವಿರಲಿಲ್ಲ ಎನ್ನುವಂತಿಲ್ಲ. ಗಣಿ ಮಾಲೀಕರ ಹೆಂಡತಿ-ಮಕ್ಕಳ ಹೆಸರು, ಕುದುರೆಗಳ ಹೆಸರು ಈ ಎಂಜಿನ್‌ಗಳ ಪಕ್ಕದಲ್ಲಿ ಹಿತ್ತಾಳೆಯ ಅಕ್ಷರದಲ್ಲಿ ಮೆರೆದವು. ವೇಲ್ಸಿನ ಡಿನೋರ್ವಿಕ್ ಸ್ಲೇಟು ಕ್ವಾರಿಯ 'ಹೋಲಿ ವಾರ್' ಎಂಬ ಎಂಜಿನ್ನಿಗೆ ಧರ್ಮಯುದ್ಧದ ಹೆಸರು ಯಾಕಪ್ಪ ಎಂದು ಯೋಚಿಸಿದವರಿಗೆ ಉತ್ತರ ಸರಳ: ಅದು ಒಂದು ರೇಸು ಕುದುರೆಯ ಹೆಸರು!

ಹಳೆಯ ರೈಲನ್ನು ಉಳಿಸಿಕೊಳ್ಳುವ ಚಳವಳಿ ಶುರುವಾದದ್ದೂ ಇಂಥ ಎಂಜಿನ್‌ಗಳಿಂದಲೇ. ಸ್ಲೇಟು ಸಾಗಿಸಲು 1860ರ ದಶಕದಲ್ಲಿ ಹಾಕಿದ್ದ ವೇಲ್ಸಿನ ಟ್ಯಾಲಿಥ್ಲಿನ್ ಎಂಬ ಸಣ್ಣ ರೈಲುದಾರಿ ಮುಚ್ಚಿಹೋಗುವ ಹಂತದಲ್ಲಿದ್ದಾಗ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು 1951ರಲ್ಲಿ ಅದನ್ನು ಕೈಗೆತ್ತಿಕೊಂಡರು. ಸ್ವಯಂಸೇವಕರೇ ನಡೆಸಿದ ಜಗತ್ತಿನ ಮೊದಲ ರೈಲು ಅದು. ಆಗ ಓಡುವ ಸ್ಥಿತಿಯಲ್ಲಿ ಉಳಿದಿದ್ದುದು 1866ರ 'ಡಾಲ್ಗೋಕ್' ಒಂದೇ. ಇನ್ನೊಂದು, 'ಟ್ಯಾಲಿಥ್ಲಿನ್' ಎಂಬ ಹೆಸರಿನದೇ, ಬಿದ್ದುಹೋಗಿತ್ತು. ಪಕ್ಕದ ಕೊರಿಸ್ ರೈಲುದಾರಿಯಿಂದ ತಲಾ 25 ಪೌಂಡಿಗೆ ಎರಡು ಎಂಜಿನ್ ಕೊಂಡು ತಂದರು. ಒಂದು ಎಂಜಿನ್ನಿಗೆ 25 ಪೌಂಡ್! 1960ರ ಜೂನ್‌ನಲ್ಲಿ ಲೀಡ್ಸಿನ ಅದೇ ಮಿಡ್ಲ್‌ಟನ್ ಗಣಿ ರೈಲನ್ನೂ ಸ್ವಯಂಸೇವಕರು ಮತ್ತೆ ಓಡಿಸಿದರು. 1758ರಲ್ಲಿ ಸಂಸತ್ತಿನ ಕಾಯಿದೆಯಿಂದ ಮಂಜೂರಾದ ಮೊದಲ ರೈಲುದಾರಿ ಎಂಬ ಹೆಗ್ಗಳಿಕೆ ಅದರದು.

ಬ್ರಿಟಿಷ್ ರೈಲ್ವೆ ತನ್ನ ಕೊನೆಯ ಉಗಿ ಎಂಜಿನ್ 'ಈವ್ನಿಂಗ್ ಸ್ಟಾರ್' ಅನ್ನು 1960ರಲ್ಲಿ ಕಟ್ಟಿತು. 1968ರ ಆಗಸ್ಟಿನಲ್ಲಿ ಮುಖ್ಯ ಮಾರ್ಗಗಳಿಂದ ಉಗಿಯನ್ನು ಪೂರ್ತಿ ಕಿತ್ತುಹಾಕಿತು. ಗಣಿಗಳಿಗೆ ಮಾತ್ರ ಆ ಆತುರವಿರಲಿಲ್ಲ. ಕಲ್ಲಿದ್ದಲ ರಾಶಿಯ ಮೇಲೆ ಕುಳಿತವರಿಗೆ ಡೀಸೆಲ್ ಕೊಳ್ಳುವ ದರ್ದು ಏನು? ಹನ್ಸ್‌ಲೆಟ್ ಕಂಪನಿ 1964ರಲ್ಲೂ ಕಲ್ಲಿದ್ದಲ ಮಂಡಳಿಗೆ ಹೊಸ ಉಗಿ ಎಂಜಿನ್ ಕಟ್ಟಿಕೊಟ್ಟಿತು. 1980ರ ದಶಕದ ಆರಂಭದವರೆಗೂ ಕೆಲವು ಗಣಿಗಳಲ್ಲಿ ಉಗಿಯ ಸದ್ದು ಕೇಳುತ್ತಿತ್ತು. ಆ ನಡುವಿನ ಇಪ್ಪತ್ತು ವರ್ಷಗಳಲ್ಲಿ ಗಣಿ, ಕ್ವಾರಿಗಳು ಒಂದೊಂದಾಗಿ ಮುಚ್ಚುತ್ತಾ ಹೋದಂತೆ ಎಂಜಿನ್‌ಗಳು ಹರಾಜಿಗೆ ಬಂದವು. ಡಿನೋರ್ವಿಕ್ ಕ್ವಾರಿ 1969ರಲ್ಲಿ ಮುಚ್ಚಿತು. 1967ರ ನವೆಂಬರಿನಲ್ಲಿ ಬ್ರಿಟನ್ನಿನ ಸ್ಲೇಟು ಕ್ವಾರಿಗಳಲ್ಲಿ ಕೊನೆಯದಾಗಿ ದುಡಿದ ಉಗಿ ಎಂಜಿನ್ ಎನ್ನಿಸಿಕೊಂಡದ್ದು ಇದೇ 'ಹೋಲಿ ವಾರ್'.

ಕೊಂಡವರು ಯಾರು? ಬಹಳಷ್ಟು ಸಲ ಮೇಷ್ಟರು, ಗುಮಾಸ್ತರು, ಫಿಟ್ಟರುಗಳು. ಮುಖ್ಯ ಮಾರ್ಗದ ನೂರು ಟನ್ನಿನ ಎಂಜಿನ್ ಕೊಳ್ಳಲು ಸಂಘ ಕಟ್ಟಿ ಚಂದಾ ಎತ್ತಬೇಕು. ಮೂವತ್ತು ಟನ್ನಿನ ಗಣಿ ಎಂಜಿನ್ನನ್ನು ನಾಲ್ಕು ಗೆಳೆಯರು ಸೇರಿ, ಕೆಲವೊಮ್ಮೆ ಒಬ್ಬನೇ, ಗುಜರಿಯ ಬೆಲೆ ಕೊಟ್ಟು ಬಿಡಿಸಿಕೊಂಡು ಲಾರಿಯ ಮೇಲೆ ತರಬಹುದಿತ್ತು. ಕೆಲವನ್ನು ಕಂಪನಿಗಳೇ ಪುಕ್ಕಟೆ ಕೊಟ್ಟವು. ಹೊಸದಾಗಿ ಹುಟ್ಟುತ್ತಿದ್ದ ರೈಲು ಸಂಘಗಳಿಗೆ ಎಂಜಿನ್ ಬೇಕಿತ್ತು, ದುಡ್ಡಿರಲಿಲ್ಲ. ಹೀಗೆ ಹತ್ತಾರು ಪಾರಂಪರಿಕ ರೈಲುಗಳ ಮೊದಲ ವರ್ಷಗಳ ಗಾಡಿಗಳನ್ನು ಎಳೆದದ್ದು ಈ ಗಣಿಯ ಎಂಜಿನ್‌ಗಳು.

ಅಷ್ಟರಲ್ಲಿ ವೇಲ್ಸಿನ ಬ್ಯಾರಿ ಬಂದರಿನಲ್ಲಿ ಒಂದು ಸೋಜಿಗ ನಡೆದಿತ್ತು. ಬ್ರಿಟಿಷ್ ರೈಲ್ವೆಯಿಂದ 297 ಉಗಿ ಎಂಜಿನ್ ಕೊಂಡಿದ್ದ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್, ಹಳೆಯ ವ್ಯಾಗನ್ನುಗಳನ್ನು ಮುರಿಯುವ ಕೆಲಸವೇ ಕೈತುಂಬ ಇದ್ದುದರಿಂದ ಎಂಜಿನ್‌ಗಳನ್ನು ಹಾಗೇ ನಿಲ್ಲಿಸಿದ್ದ. 1968ರಿಂದ 1990ರವರೆಗೆ ಅವುಗಳಲ್ಲಿ 213 ಎಂಜಿನ್‌ಗಳನ್ನು ಉತ್ಸಾಹಿಗಳು ಕೊಂಡೊಯ್ದರು. ಇವು ದೊಡ್ಡವು, ಹೆಸರುವಾಸಿ, ಎಂಟು-ಹತ್ತು ಡಬ್ಬಿಗಳ ಗಾಡಿಯನ್ನು ಸಲೀಸಾಗಿ ಎಳೆಯಬಲ್ಲವು. ರೈಲುದಾರಿಗಳೂ ಎರಡು ಮೈಲಿಯಿಂದ ಹತ್ತು, ಹದಿನೈದು ಮೈಲಿಗೆ ಬೆಳೆದಿದ್ದವು. ಬ್ಯಾರಿಯಿಂದ ಬಂದ ಒಂದೊಂದು ಎಂಜಿನ್ ದುರಸ್ತಿಯಾಗಿ ಹಳಿಗಿಳಿದಾಗಲೂ ಮನೆಯ ಹಳೆಯ ಆಳಿನಂತೆ ಒಂದೊಂದು ಗಣಿ ಎಂಜಿನ್ ಹಿಂದಿನ ಹಳಿಗೆ ಸರಿಯಿತು. ಒಂದು ಕಾಲದಲ್ಲಿ ಇವನ್ನು ಉಳಿಸಿದ ಗುಣ, ಅಂದರೆ ಚಿಕ್ಕದು ಮತ್ತು ಅಗ್ಗ ಎಂಬುದೇ, ಈಗ ಇವಕ್ಕೆ ಮುಳುವಾಯಿತು.

ಹಿಂದೆ ಸರಿದದ್ದು ಮತ್ತೆ ಮುಂದೆ ಬರುವುದು ಯಾಕಿಷ್ಟು ಕಷ್ಟ ಎಂಬುದನ್ನು ತಿಳಿಯಲು ಬಾಯ್ಲರಿನ ಒಳಗೆ ಸ್ವಲ್ಪ ಇಣುಕಬೇಕು. ಉಗಿ ಎಂಜಿನ್ನಿನ ಬಾಯ್ಲರ್ ಎಂದರೆ ನೀರು ತುಂಬಿದ ದೊಡ್ಡ ಕೊಳವೆ. ಅದರ ಹಿಂಬದಿಗೆ ಬೆಂಕಿಯ ಪೆಟ್ಟಿಗೆ, ಹಳೆಯ ಎಂಜಿನ್‌ಗಳಲ್ಲಿ ಬಹುಮಟ್ಟಿಗೆ ತಾಮ್ರದ್ದು. ಬೆಂಕಿಯ ಬಿಸಿಗಾಳಿ ನೂರಾರು ತೆಳು ಕೊಳವೆಗಳ ಮೂಲಕ ನೀರಿನ ನಡುವೆ ಹಾದು ಹೊಗೆಕೊಳವೆಗೆ ಹೋಗುತ್ತದೆ. ಬೆಂಕಿ ಪೆಟ್ಟಿಗೆಯ ಗೋಡೆ ಒತ್ತಡಕ್ಕೆ ಒಳಕ್ಕೆ ಕುಸಿಯದಂತೆ ಅದನ್ನೂ ಹೊರಗೋಡೆಯನ್ನೂ ನೂರಾರು ಲೋಹದ ಗೂಟಗಳಿಂದ ಬಿಗಿದಿರುತ್ತಾರೆ. ಒಳಗೆ ಚದರ ಅಂಗುಲಕ್ಕೆ 170 ಪೌಂಡಿನಷ್ಟು ಒತ್ತಡ. ಒಂದು ಗೂಟ ತುಂಡಾದರೆ ಪಕ್ಕದ್ದರ ಮೇಲೆ ಹೊರೆ ಬೀಳುತ್ತದೆ. ಹಾಗೆ ಸರಪಳಿಯಾಗಿ ಕಳಚಿದರೆ ಬಾಯ್ಲರ್ ಬಾಂಬಿನಂತೆ ಸಿಡಿಯುತ್ತದೆ. ಆದ್ದರಿಂದ ವರ್ಷವರ್ಷವೂ ತಪಾಸಣೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಚೌಕಟ್ಟಿನಿಂದ ಮೇಲೆತ್ತಿ, ಕೊಳವೆಗಳನ್ನೆಲ್ಲ ಕಿತ್ತು, ತಗಡು ಎಷ್ಟು ಸವೆದಿದೆ ಎಂದು ಅಳೆದು, ಬೇಕಾದದ್ದನ್ನು ಬದಲಿಸಿ, ನೀರಿನ ಒತ್ತಡದಲ್ಲೂ ಉಗಿಯ ಒತ್ತಡದಲ್ಲೂ ಪರೀಕ್ಷಿಸಬೇಕು. ಆ ಅವಧಿ ಮುಗಿದ ದಿನ ಎಂಜಿನ್ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಬೆಂಕಿ ಆರಿಸಿ ಸರದಿಯಲ್ಲಿ ನಿಲ್ಲಬೇಕು.

ಬಾಯ್ಲರ್ ಇಳಿಸಿದ ಮೇಲೆ ಉಳಿದ ಕೆಲಸ ತಾನಾಗಿ ಹೊರಬೀಳುತ್ತದೆ. ಹೊರಹೊದಿಕೆಯ ಕೆಳಗೆ ಹಿಂದಿನವರು ಕಲ್ನಾರು ಸುತ್ತಿದ್ದರೆ ಅದನ್ನು ತೆಗೆಯಲು ಪರವಾನಗಿ ಪಡೆದ ತಜ್ಞರೇ ಬರಬೇಕು. ನಮ್ಮ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಕಾಯಿಸಿ ಹಾಕುವಂತೆಯೇ ಎಂಜಿನ್ನಿನ ಗಾಲಿಗೂ ಉಕ್ಕಿನ ಪಟ್ಟಾ ಕಾಯಿಸಿ ತೊಡಿಸಿರುತ್ತಾರೆ. ಅದು ಸವೆದಿದ್ದರೆ ಹೊಸದನ್ನು ಮಾಡಿಸಿ ಕಡೆಯಬೇಕು. ಸಿಲಿಂಡರ್ ಸೀಳಿದ್ದರೆ ಇನ್ನೂ ತೊಂದರೆ. ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ, ಕಟ್ಟಿದ ಕಂಪನಿ ಬಾಗಿಲು ಹಾಕಿ ದಶಕಗಳಾಗಿವೆ. ಗಣಿ ಎಂಜಿನ್ನಿಗೆ ಇನ್ನೊಂದು ಹೆಚ್ಚುವರಿ ಖರ್ಚು ಇದೆ. ಅನೇಕವಕ್ಕೆ ತಮ್ಮದೇ ಬ್ರೇಕು ಬಿಟ್ಟರೆ ಹಿಂದಿನ ಡಬ್ಬಿಗಳ ಬ್ರೇಕು ಹಿಡಿಯುವ ವ್ಯವಸ್ಥೆಯೇ ಇರಲಿಲ್ಲ. ಪ್ರಯಾಣಿಕರ ಗಾಡಿ ಎಳೆಯಬೇಕಾದರೆ ಅದನ್ನು ಹೊಸದಾಗಿ ಜೋಡಿಸಬೇಕು.

ಈಗ ರೈಲು ಸಂಘದ ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತು ನೋಡಿ. ಕಾರ್ಯಾಗಾರದಲ್ಲಿ ಒಮ್ಮೆಗೆ ಎರಡು ಎಂಜಿನ್ನಿಗೆ ಜಾಗ. ಕೆಲಸ ಬಲ್ಲವರು ಬೆರಳೆಣಿಕೆ. ಒಂದು ದುರಸ್ತಿಗೆ ವರ್ಷಗಳೇ ಹಿಡಿಯುತ್ತವೆ. ಬೇಸಿಗೆಯ ಗಾಡಿಗೆ ನಾಲ್ಕು ಎಂಜಿನ್ ಸಾಕು, ಹಿಂದಿನ ಹಳಿಯಲ್ಲಿ ಹನ್ನೆರಡು ನಿಂತಿವೆ. ಯಾವುದನ್ನು ಒಳಗೆ ಕರೆಯುತ್ತೀರಿ? ಏಳು ಡಬ್ಬಿ ಎಳೆಯುವುದನ್ನೋ, ಎರಡು ಎಳೆಯುವುದನ್ನೋ? ಲೆಕ್ಕ ತಪ್ಪೇನಲ್ಲ. ಆದರೆ ಆ ಹನ್ನೆರಡರಲ್ಲಿ ಕೊನೆಯದಕ್ಕೆ ಸರದಿ ಬರುವ ಹೊತ್ತಿಗೆ ಮೊದಲಿನವುಗಳ ಹತ್ತು ವರ್ಷ ಮುಗಿದು ಅವೇ ಮತ್ತೆ ಬಾಗಿಲಲ್ಲಿ ನಿಂತಿರುತ್ತವೆ. ಹೀಗಾಗಿ ಆ ಸಾಲು ಮುಂದೆ ಸಾಗುವುದೇ ಇಲ್ಲ. ಎಂಜಿನ್ ಕೊಂಡಿದ್ದ ಯುವಕನಿಗೆ ಎಂಬತ್ತಾಗಿರುತ್ತದೆ. ಅವನ ಮಕ್ಕಳಿಗೆ ತುಕ್ಕು ಹಿಡಿದ ಕಬ್ಬಿಣದ ಆಸ್ತಿಯನ್ನು ಏನು ಮಾಡುವುದೆಂದು ತೋಚುವುದಿಲ್ಲ.

ಸರದಿ ಮುರಿದು ಮುಂದೆ ಬಂದವುಗಳೂ ಇವೆ. ಮಹಾಯುದ್ಧದ ತುರ್ತಿಗೆಂದು 1943ರಿಂದ ಕಟ್ಟಿದ 'ಆಸ್ಟೆರಿಟಿ' ಎಂಬ ಆರು ಗಾಲಿಯ ಎಂಜಿನ್ ಹೆಸರಿಗೆ ತಕ್ಕಂತೆ ಮಿತವ್ಯಯದ್ದು. ಎರಡು ವರ್ಷ ಗಟ್ಟಿಯಾಗಿ ದುಡಿದರೆ ಸಾಕೆಂಬ ಲೆಕ್ಕದಲ್ಲಿ ಅದನ್ನು ರೂಪಿಸಿದ್ದರು. 1964ರವರೆಗೆ ಒಟ್ಟು 485 ಹೊರಬಂದವು. ಹಲವಾರು ಡಜನ್ ಇಂದಿಗೂ ಉಳಿದಿವೆ. ಗಣಿ ಎಂಜಿನ್ನಿನ ಗಟ್ಟಿತನ, ಐದಾರು ಡಬ್ಬಿ ಎಳೆಯುವ ತಾಕತ್ತು ಎರಡೂ ಇರುವುದರಿಂದ ರೈಲುದಾರಿಗಳು ಇದನ್ನು ಮೆಚ್ಚಿಕೊಂಡವು. ಇನ್ನೊಂದು ಕಥೆ ಮಕ್ಕಳಿಗೆ ಇಷ್ಟವಾಗುವಂಥದು. ಪೀಟರ್‌ಬರೊ ಊರಿನ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ 1947ರ ಹಡ್ಸ್‌ವೆಲ್ ಕ್ಲಾರ್ಕ್ ಎಂಜಿನ್ ನೀಲಿ ಬಣ್ಣದಲ್ಲಿತ್ತು. ಅದನ್ನು ಕಂಡವರು 'ಥಾಮಸ್' ಎನ್ನತೊಡಗಿದರು. ಟಿ.ವಿ.ಯಲ್ಲಿ ನಮ್ಮ ಮಕ್ಕಳೂ ನೋಡುವ ಆ ಎಂಜಿನ್ ಪಾತ್ರವನ್ನು ಸೃಷ್ಟಿಸಿದ ಪಾದ್ರಿ ಆಡ್ರಿ ಅವರೇ 1971ರಲ್ಲಿ ಬಂದು ಅದಕ್ಕೆ ವಿಧ್ಯುಕ್ತವಾಗಿ ಆ ಹೆಸರಿಟ್ಟರು. ಅದು ನೆನೆ ವ್ಯಾಲಿ ರೈಲಿನ ಮುದ್ದಿನ ಎಂಜಿನ್ ಆಯಿತು. ಸಕ್ಕರೆ ಕಾರ್ಖಾನೆಯ ಇತಿಹಾಸಕ್ಕೆ ಸಿಗದ ಆದರ ಮಕ್ಕಳ ಕತೆಗೆ ಸಿಕ್ಕಿತು ಅನ್ನಿ.

ಯಾವ ಕತೆಯೂ ಕೈಹಿಡಿಯದ ಪಾಪದವು 'ಬೆಂಕಿಯಿಲ್ಲದ' ಎಂಜಿನ್‌ಗಳು. ಕಿಡಿ ಹಾರಿದರೆ ಅನಾಹುತವಾಗುವ ಕಾಗದದ ಕಾರ್ಖಾನೆ, ಮದ್ದುಗುಂಡಿನ ಕಾರ್ಖಾನೆಗಳಲ್ಲಿ ಬಳಸಲು ಮಾಡಿದ ಇವುಗಳಲ್ಲಿ ಬೆಂಕಿ ಪೆಟ್ಟಿಗೆಯೇ ಇಲ್ಲ. ಕಾರ್ಖಾನೆಯ ದೊಡ್ಡ ಬಾಯ್ಲರಿನಿಂದ ಉಗಿ ತುಂಬಿಸಿಕೊಂಡು, ಫ್ಲಾಸ್ಕಿನಂತೆ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೆಲವು ಗಂಟೆ ದುಡಿಯುತ್ತಿದ್ದವು. ಕಾರ್ಖಾನೆ ಹೋಯಿತು, ಉಗಿ ತುಂಬುವ ಬಾಯ್ಲರೂ ಹೋಯಿತು. ಇವನ್ನು ಎಷ್ಟೇ ದುರಸ್ತಿ ಮಾಡಿದರೂ ದಿನನಿತ್ಯ ಓಡಿಸುವ ದಾರಿಯಿಲ್ಲ. ಆದರೂ ಯಾರೋ ಉಳಿಸಿದ್ದಾರೆ, ನಿಂತಿವೆ.

ನಮ್ಮ ದೇಶದಿಂದ ಹೋಗಿ ಅಲ್ಲಿ ಬದುಕಿದ ಒಂದರ ಕತೆಯನ್ನು ಇಲ್ಲಿ ಹೇಳಬೇಕು. 1921ರಲ್ಲಿ ಬ್ಯಾಗ್ಯುಲಿ ಎಂಬ ಕಂಪನಿ ಕಟ್ಟಿದ ಪುಟ್ಟ ಎಂಜಿನ್ನೊಂದು ಕಲ್ಕತ್ತಕ್ಕೆ ನೀರು ಒದಗಿಸುವ ಪಲ್ಟಾ ಜಲಸ್ಥಾವರದಲ್ಲಿತ್ತು. ಮೂಲೆಗೆ ಬಿದ್ದಿದ್ದ ಅದನ್ನು 1960ರ ದಶಕದಲ್ಲಿ ಗುರುತಿಸಿದವರು ಆಗ ಭಾರತದಲ್ಲಿ ಕೆಲಸದಲ್ಲಿದ್ದ ಮೈಕ್ ಸಾಟೋ. 1977ರಲ್ಲಿ ತೆರೆದ ದೆಹಲಿಯ ರೈಲು ವಸ್ತುಸಂಗ್ರಹಾಲಯಕ್ಕೆ ಸಲಹೆಗಾರರಾಗಿದ್ದವರೂ ಇವರೇ. ಹೂಗ್ಲಿ ತೀರದ ರಿಶ್ರಾ ಊರಿನ ಹೆಸರು ಹೊತ್ತು ಆ ಎಂಜಿನ್ 1971ರಲ್ಲಿ ಇಂಗ್ಲೆಂಡ್ ಸೇರಿತು. ಮರಳು ಸಾಗಿಸಲು 1919ರಲ್ಲಿ ಹಾಕಿದ್ದ ಲೇಟನ್ ಬಜಾರ್ಡ್ ರೈಲುದಾರಿಯಲ್ಲಿ 'ರಿಶ್ರಾ' ಪ್ರಯಾಣಿಕರನ್ನು ಎಳೆಯಿತು. ಸಣ್ಣ ಎಂಜಿನ್ನಿಗೆ ಸಣ್ಣ ದಾರಿ ಸಿಕ್ಕರೆ ಬಾಳು ಹಸನಾಗುತ್ತದೆ. ಈ ಮಾತನ್ನು ಸ್ಟಾಫರ್ಡ್‌ಷೈರಿನ ಫಾಕ್ಸ್‌ಫೀಲ್ಡ್ ಗಣಿ ರೈಲು, ಈಶಾನ್ಯ ಇಂಗ್ಲೆಂಡಿನ ಟ್ಯಾನ್‌ಫೀಲ್ಡ್ ರೈಲು ಕೂಡ ತೋರಿಸಿಕೊಟ್ಟಿವೆ. ಮುಖ್ಯ ಮಾರ್ಗದ ವೈಭವವನ್ನು ನಕಲು ಮಾಡುವ ಬದಲು ತಮ್ಮ ಸೀಮೆಯ ಕಾರ್ಖಾನೆ ಎಂಜಿನ್‌ಗಳನ್ನೇ ಅವು ಕೂಡಿಹಾಕಿವೆ. ಫಾಕ್ಸ್‌ಫೀಲ್ಡಿನಲ್ಲಿ 19 ಅಡಿಗೆ ಒಂದು ಅಡಿ ಏರುವ ಕಡಿದಾದ ದಿಬ್ಬವಿದೆ. ಉತ್ಸವದ ದಿನ ಗಣಿ ಎಂಜಿನ್ ವ್ಯಾಗನ್ನುಗಳನ್ನು ಹಿಡಿದು ಆ ದಿಬ್ಬ ಹತ್ತುವುದನ್ನು ನೋಡಲು ಜನ ನೆರೆಯುತ್ತಾರೆ.

ದುರಸ್ತಿ ಮಾಡುವುದೇ ಸರಿಯೇ ಎಂಬ ವಾದವೂ ಇದೆ. ಬಾಯ್ಲರ್ ಹೊಸದು, ತೊಟ್ಟಿ ಹೊಸದು, ಗಾಲಿಯ ಪಟ್ಟಾ ಹೊಸದು ಎಂದಾದ ಮೇಲೆ ಹಳೆಯ ಎಂಜಿನ್ ಉಳಿದದ್ದೆಲ್ಲಿ? 1958ರಲ್ಲಿ ಮತ್ತೆ ಓಡಿದ 'ಟ್ಯಾಲಿಥ್ಲಿನ್' ಬಗ್ಗೆಯೂ ಹೀಗೆ ಕೇಳಬಹುದು. ಓಡದೆ ನಿಂತ ಎಂಜಿನ್ನಿನಲ್ಲಿ ಅದನ್ನು ಕಟ್ಟಿದವರ ಸುತ್ತಿಗೆಯ ಗುರುತು, ಗಣಿಯ ಫಿಟ್ಟರ್ ಹಾಕಿದ ತೇಪೆ ಎಲ್ಲವೂ ಹಾಗೇ ಇರುತ್ತದೆ. ಮುನ್ನೂರು ಬಗೆಯ ಕಾರ್ಖಾನೆಯ ದಿನಚರಿ ಆ ತೇಪೆಗಳಲ್ಲಿ ಬರೆದಿದೆ. ಬಣ್ಣ ಬಳಿದರೆ ಅದು ಅಳಿಸುತ್ತದೆ. ಈ ವಾದದಲ್ಲಿ ಹುರುಳಿದೆ. ಆದರೆ ಅದು ಛಾವಣಿಯ ಕೆಳಗಿನ ಎಂಜಿನ್ನಿಗೆ ಒಪ್ಪುವ ಮಾತು. ಇಂಗ್ಲೆಂಡಿನ ಮಳೆಯಲ್ಲಿ ನಿಂತದ್ದಕ್ಕೆ ತುಕ್ಕು ಕಾಯುವುದಿಲ್ಲ.

ಎರಡನ್ನೂ ಹೊಂದಿಸಿದ ಒಂದು ಉದಾಹರಣೆ 'ವಿನಿಫ್ರೆಡ್'. ಹನ್ಸ್‌ಲೆಟ್ 1885ರಲ್ಲಿ ಕಟ್ಟಿದ ಈ ಎಂಜಿನ್ ವೇಲ್ಸಿನ ಪೆನ್ರಿನ್ ಸ್ಲೇಟು ಕ್ವಾರಿಯಲ್ಲಿ ದುಡಿದು, 1965ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ಕಾರ್ ರೇಸಿನ ಮೈದಾನದ ಒಡೆಯರಿಗೆ ಮಾರಾಟವಾಯಿತು. ಅಲ್ಲಿ ಯಾರೂ ಅದರ ಗೊಡವೆಗೆ ಹೋಗಲಿಲ್ಲ. ಸುಮಾರು ಐವತ್ತು ವರ್ಷದ ಅಲಕ್ಷ್ಯವೇ ಅದನ್ನು ಕ್ವಾರಿ ಬಿಟ್ಟ ದಿನದಂತೆ ಕಾಪಾಡಿತು. 2012ರಲ್ಲಿ ವೇಲ್ಸಿಗೆ ಮರಳಿದ ಅದನ್ನು ಬಾಲಾ ಸರೋವರದ ರೈಲಿನವರು ಯಂತ್ರಭಾಗವನ್ನು ಸರಿಪಡಿಸಿ, ದುಡಿಮೆಯ ಸವೆದ ಮೈಬಣ್ಣವನ್ನು ಹಾಗೇ ಬಿಟ್ಟು 2015ರಲ್ಲಿ ಓಡಿಸಿದರು. 'ಹೋಲಿ ವಾರ್' ಕೂಡ ಇರುವುದು ಅಲ್ಲೇ.

ಇನ್ನೊಂದು ತಾಪತ್ರಯ ಈಚಿನದು. ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲ ಗಣಿ ಕೆಲಿಂಗ್ಲೆ 2015ರಲ್ಲಿ ಮುಚ್ಚಿತು. ಉಗಿ ಎಂಜಿನ್‌ಗಳಿಗೆ ಒಗ್ಗುವ ಕಲ್ಲಿದ್ದಲನ್ನು ಒದಗಿಸುತ್ತಿದ್ದ ಫೋಸ್-ಅ-ವ್ರಾನ್ ತೆರೆದ ಗಣಿಯೂ 2023ರ ನವೆಂಬರಿನಲ್ಲಿ ನಿಂತಿತು. ಅದು ಇದ್ದದ್ದು ಮರ್ಥರ್ ಟಿಡ್‌ಫಿಲ್‌ನಲ್ಲಿ, ಟ್ರೆವಿಥಿಕ್ಕನ ಎಂಜಿನ್ ಹೊರಟ ಊರಿನಲ್ಲಿಯೇ. ಈಗ ಕಲ್ಲಿದ್ದಲು ಹಡಗಿನಲ್ಲಿ ಪರದೇಶದಿಂದ ಬರಬೇಕು. ಕಲ್ಲಿದ್ದಲ ಪುಡಿಗೆ ಬೇರೆ ವಸ್ತು ಬೆರೆಸಿ ಮಾಡಿದ ಉಂಡೆಗಳನ್ನು ಸುಟ್ಟು ನೋಡುವ ಪ್ರಯೋಗಗಳೂ ನಡೆದಿವೆ. ದುಬಾರಿ ಇಂಧನ ಎಲ್ಲ ರೈಲುದಾರಿಗಳಿಗೂ ಹೊಡೆತವೇ. ಹಾಗಿದ್ದರೂ ದೊಡ್ಡ ಎಂಜಿನ್ ಬರಿದೇ ನಿಂತು ಬಿಸಿಯಾಗಲು ಸುಡುವಷ್ಟು ಕಲ್ಲಿದ್ದಲಿನಲ್ಲಿ ಸಣ್ಣದೊಂದು ಅರ್ಧ ದಿನ ದುಡಿದೀತು. ಚಳಿಗಾಲದ ವಾರದ ದಿನಗಳಲ್ಲಿ, ಮೂವತ್ತು ಜನ ಪ್ರಯಾಣಿಕರಿಗೆ ಎರಡು ಡಬ್ಬಿ ಸಾಕು ಎಂದಾಗ, ಹಿಂದಿನ ಹಳಿಯ ಕಡೆ ಕಾರ್ಯದರ್ಶಿಗಳು ಒಮ್ಮೆ ನೋಡಿಯಾರು.